ಎಣ್ಣೆಯಿಲ್ಲದ ಚೂಡಾ, ನಾಚಿಕೆಯಿಲ್ಲದ ನಾಲಿಗೆ

ದೀಪಾವಳಿ ಹತ್ತಿರ ಬಂತೆಂದರೆ ಊರಿಗೆಲ್ಲ ಒಟ್ಟಿಗೇ ಆರೋಗ್ಯ ನೆನಪಾಗುತ್ತದೆ. ವರ್ಷವಿಡೀ ಸಂಜೆಯಾಗುತ್ತಲೇ ಬಜ್ಜಿ ಗಾಡಿಯ ಮುಂದೆ ಹಾಜರಿ ಹಾಕಿದವರು ಹಬ್ಬದ ವಾರ ಇದ್ದಕ್ಕಿದ್ದಂತೆ ಹೃದ್ರೋಗ ತಜ್ಞರಾಗುತ್ತಾರೆ. ಚಕ್ಕುಲಿ ಬೇಡವಂತೆ. ಕೋಡುಬಳೆ ಕೊಲೆಗಡುಕನಂತೆ. ಖಾರಾಸೇವೆಯ ಹೆಸರೆತ್ತಿದರೆ ಮನೆಯಲ್ಲಿ ಸೂತಕ. 'ಈ ಸಲ ನಾವು ಹೆಲ್ದಿ ಮಿಕ್ಸ್ಚರ್ ಮಾಡ್ತಿದೀವಿ' ಎಂದು ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಘೋಷಣೆಯಾಗುತ್ತದೆ.

ಮಾಡಿ. ಯಾರು ಬೇಡ ಎಂದರು?

ಆದರೆ ಸಾಮಾನಿನ ಚೀಟಿ ನೋಡಿ. ಮಖಾನ. ಕಿನೋವಾ ಪಫ್. ಕ್ರ್ಯಾನ್‌ಬೆರಿ. ಕುಂಬಳಬೀಜ, ಚಿಯಾ, ಅಗಸೆ. ಬಾದಾಮಿ, ಗೋಡಂಬಿ, ಪಿಸ್ತಾ. ಗುಲಾಬಿ ಬಣ್ಣದ ಉಪ್ಪು. ಗಾಣದೆಣ್ಣೆ, ಅದೂ ಸ್ಪ್ರೇ ಬಾಟಲಿಯಲ್ಲಿ. ಇವನ್ನೆಲ್ಲ ಹುರಿಯುವುದಕ್ಕೆ ಏರ್ ಫ್ರೈಯರ್. ಕಿನೋವಾ ಆಂಡಿಸ್ ಬೆಟ್ಟಗಳ ಧಾನ್ಯ. ಕ್ರ್ಯಾನ್‌ಬೆರಿ ಅಮೆರಿಕದ ಹಣ್ಣು. ಸಮುದ್ರ ದಾಟಿ ಬಂದ ಈ ಸಂತಾನವೆಲ್ಲ ಬಸವನಗುಡಿಯ ಅಡುಗೆಮನೆಯಲ್ಲಿ ಕೂಡಿಕೊಂಡು 'ಅಪ್ಪಟ ದೇಸಿ, ಸಾತ್ವಿಕ, ಮನೆಯಲ್ಲೇ ಮಾಡಿದ್ದು' ಎಂಬ ಬಿರುದು ಪಡೆಯುತ್ತದೆ.

ಈ ಕ್ರ್ಯಾನ್‌ಬೆರಿಯ ಕಥೆ ಗೊತ್ತೇ? ಹಾಗೇ ಬಾಯಿಗಿಟ್ಟರೆ ಮುಖ ಸಿಂಡರಿಸುವಷ್ಟು ಹುಳಿ. ಅದಕ್ಕೇ ಸಕ್ಕರೆ ಪಾಕ ಕುಡಿಸಿ ಒಣಗಿಸಿ ಮಾರುತ್ತಾರೆ. ಚೂಡಾಕ್ಕೆ ಎರಡು ಚಮಚ ಸಕ್ಕರೆ ಪುಡಿ ಹಾಕಿದರೆಂದು ಅತ್ತೆಯ ಮೇಲೆ ಹರಿಹಾಯ್ದವರೇ ಇದನ್ನು ಹಿಡಿಗಟ್ಟಲೆ ಸುರಿಯುತ್ತಾರೆ. ಕೇಳಿದರೆ ಆ್ಯಂಟಿ ಆಕ್ಸಿಡೆಂಟಂತೆ.

ಇನ್ನು ಉಪ್ಪು. 'ಹಿಮಾಲಯನ್' ಎಂದು ಬರೆದಿರುತ್ತದೆ, ಹಿಮದ ಬೆಟ್ಟದ ಚಿತ್ರವೂ ಇರುತ್ತದೆ. ಅದರ ಹೆಸರಾಂತ ಗಣಿ ಇರುವುದು ಪಾಕಿಸ್ತಾನದ ಪಂಜಾಬಿನ ಖೇವ್ರಾದಲ್ಲಿ. ಹಾಲ್‌ನಲ್ಲಿ ಟೀವಿ ಮುಂದೆ ಕೂತು ಪಾಕಿಸ್ತಾನವನ್ನು ಭೂಪಟದಿಂದ ಅಳಿಸುವವರು ಅಡುಗೆಮನೆಯಲ್ಲಿ ಅದನ್ನೇ ಚಿಟಿಕೆ ಚಿಟಿಕೆ ಉದುರಿಸುತ್ತಿರುತ್ತಾರೆ. ಹೋಗಲಿ, ಅದರಲ್ಲಿ ಆರೋಗ್ಯವಾದರೂ ಇದೆಯೇ? ಗುಲಾಬಿ ಬಣ್ಣ ತೆಗೆದರೆ ಉಳಿಯುವುದು ಬಹುಪಾಲು ಅದೇ ಸೋಡಿಯಂ ಕ್ಲೋರೈಡ್. ರಕ್ತದೊತ್ತಡಕ್ಕೆ ಬಣ್ಣ ಕಾಣುವುದಿಲ್ಲ. ಗಳಗಂಡ ಓಡಿಸಲೆಂದು ಈ ದೇಶ ದಶಕಗಳ ಕಾಲ ಒದ್ದಾಡಿ ಉಪ್ಪಿಗೆ ಅಯೋಡಿನ್ ಸೇರಿಸಿತು. ನಾವು ಹೆಚ್ಚು ದುಡ್ಡು ಕೊಟ್ಟು ಅಯೋಡಿನ್ ಇಲ್ಲದ್ದನ್ನು ತಂದು ಬೀಗುತ್ತಿದ್ದೇವೆ.

ಉಪ್ಪು ಯಾವುದು ಎಂಬುದಲ್ಲ, ಎಷ್ಟು ಎಂಬುದು ಲೆಕ್ಕ. ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸುಮಾರು ಒಂದು ಟೀ ಚಮಚ. ಅರ್ಧ ಕಿಲೋ ಮಿಕ್ಸ್ಚರಿಗೆ ಎರಡು ಚಮಚ ಬಿದ್ದರೆ ನೂರು ಗ್ರಾಂ ತಿಂದವನ ಹೊಟ್ಟೆಗೆ 2 ಗ್ರಾಂ ಹೋಯಿತು. ಊಟ ಇನ್ನೂ ಆಗಿಲ್ಲ. ಉಪ್ಪಿನಕಾಯಿ, ಹಪ್ಪಳ, ಸಾರು ಸರದಿಯಲ್ಲಿ ನಿಂತಿವೆ.

ಈಗ ನಾಟಕದ ಮುಖ್ಯ ಪಾತ್ರಕ್ಕೆ ಬರೋಣ. ಗಂಡಸು.

ಸೆಪ್ಟೆಂಬರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡಿದ್ದಾನೆ. ಕೊಲೆಸ್ಟರಾಲ್ ಎದುರು ಕೆಂಪಕ್ಷರ ಬಂದಿದೆ. ಅಂದಿನಿಂದ ಮನೆಯಲ್ಲಿ ಆರೋಗ್ಯ ಇಲಾಖೆ ತೆರೆದಿದ್ದಾನೆ. 'ಈ ಸಲ ಎಣ್ಣೆ ಬೇಡ ಕಣೇ. ಎಲ್ಲಾ ಡ್ರೈ ರೋಸ್ಟ್ ಮಾಡು' ಎಂದು ಸೋಫಾದಿಂದ ಸುತ್ತೋಲೆ ಹೊರಡಿಸುತ್ತಾನೆ. ಡ್ರೈ ರೋಸ್ಟ್ ಮಾಡುವುದು ಎಂದರೆ ಏನೆಂದು ಅವನಿಗೆ ಗೊತ್ತಿಲ್ಲ. ಕರಿದರೆ ಹತ್ತು ನಿಮಿಷದ ಕೆಲಸ. ಎಣ್ಣೆಯಿಲ್ಲದೆ ಅವಲಕ್ಕಿ ಗರಿಗರಿಯಾಗಬೇಕೆಂದರೆ ಸಣ್ಣ ಉರಿ, ದೊಡ್ಡ ಬಾಣಲೆ, ಸ್ವಲ್ಪ ಸ್ವಲ್ಪವೇ ಹಾಕಿ ಕೈಬಿಡದೆ ತಿರುವುತ್ತಿರಬೇಕು. ಕೈ ನಿಂತರೆ ತಳ ಕಂದುತ್ತದೆ. ಅವಳು ನಿಂತೇ ಇದ್ದಾಳೆ. ಕಾಲು ನೋಯುತ್ತಿದೆ. ಇವನ ಹೃದಯ ಉಳಿಯುತ್ತಿದೆ.

ಸಂಜೆ ಸ್ನೇಹಿತರು ಬರುತ್ತಾರೆ. ಬಾಟಲಿ ಬಿಚ್ಚುತ್ತದೆ. ಗುಂಡಿಗೆ ನೆಂಚಿಕೊಳ್ಳಲು ಏನು? ಹುರಿದ ಮಖಾನ, ಎಣ್ಣೆಯಿಲ್ಲದ ಚೂಡಾ. 'ಏನೂ ಇಲ್ಲ ಗುರೂ, ಜೀರೋ ಆಯಿಲ್, ಧೈರ್ಯವಾಗಿ ತಗೋ' ಎನ್ನುತ್ತ ಮೂರನೇ ಪೆಗ್ ಬಗ್ಗಿಸುತ್ತಾನೆ. ಹೃದಯದ ಮೇಲೆ ಅಷ್ಟೊಂದು ಮಮಕಾರ. ಲಿವರ್ ಮಾತ್ರ ಮಲತಾಯಿ ಮಗ.

ಇಷ್ಟಾದರೂ ಮುಗಿಯಲಿಲ್ಲ. ಮರುದಿನ ಡಬ್ಬಿ ತೆಗೆದು ಒಂದು ಹಿಡಿ ಬಾಯಿಗೆಸೆದು, ಮುಖ ಕಿವುಚಿ, 'ಯಾಕೋ ಅಮ್ಮ ಮಾಡ್ತಿದ್ದ ರುಚಿ ಬಂದಿಲ್ಲ' ಎನ್ನುತ್ತಾನೆ. ಅಮ್ಮ ಎಣ್ಣೆ ಹಾಕುತ್ತಿದ್ದರು ಸ್ವಾಮಿ. ಮೂರನೇ ದಿನ ಸದ್ದಿಲ್ಲದೆ ಕಾಂಡಿಮೆಂಟ್ಸ್ ಅಂಗಡಿಗೆ ಹೋಗಿ ಕಾಲು ಕಿಲೋ ಖಾರಾಬೂಂದಿ ಕಟ್ಟಿಸಿಕೊಂಡು ಬರುತ್ತಾನೆ. ಕರಿಯುವ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು ಶೇ 25 ದಾಟಿದರೆ ಅದನ್ನು ಮತ್ತೆ ಬಳಸಬಾರದೆಂದು 2018ರ ಜುಲೈಯಿಂದ ದೇಶದಲ್ಲಿ ನಿಯಮವಿದೆ. ಬೀದಿಯ ಬಾಣಲೆಯ ಕಪ್ಪು ಎಣ್ಣೆಯನ್ನು ಅಳೆಯಲು ಬಂದ ಅಧಿಕಾರಿಯನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದರೆ ಸನ್ಮಾನ ಮಾಡೋಣ.

ಅಮ್ಮ, ಅಜ್ಜಿ ಎಂದ ಕೂಡಲೇ ಇನ್ನೊಂದು ಗುಂಪು ಎದ್ದು ನಿಲ್ಲುತ್ತದೆ. ನಮ್ಮ ಹಿರಿಯರ ಜ್ಞಾನ, ಪರಂಪರೆಯ ವಿಜ್ಞಾನ ಇತ್ಯಾದಿ. ಸುಮ್ಮನಿರಿ. ಅಜ್ಜಿ ಡಯಟೀಷಿಯನ್ ಆಗಿರಲಿಲ್ಲ. ಮನೆಯಲ್ಲಿ ಎಣ್ಣೆ ಇರಲಿಲ್ಲ. ಇದ್ದಷ್ಟು ಎಣ್ಣೆ ಹಬ್ಬದ ಚಕ್ಕುಲಿಗೆ, ಅಳಿಯ ಬಂದರೆ ಹೋಳಿಗೆಯ ಪಕ್ಕದ ಬೋಂಡಕ್ಕೆ ಮೀಸಲು. ಉಳಿದ ದಿನಕ್ಕೆ ಕರಿಯದ ತಿಂಡಿ. ಬಡತನ ಮಾಡಿದ ಕೆಲಸಕ್ಕೆ ಪರಂಪರೆಗೆ ಹಾರ ಹಾಕಬೇಡಿ.

ಆದರೆ ಆ ಕರಿಯದ ತಿಂಡಿಗಳು ಮಾತ್ರ ಭೇಷಾಗಿದ್ದವು. ಮಂಡಕ್ಕಿ ನೋಡಿ. ದಾವಣಗೆರೆಯ ಭಟ್ಟಿಗಳಲ್ಲಿ ಅದು ಅರಳುವುದು ಕಾದ ಮರಳಿನಲ್ಲಿ. ಎಣ್ಣೆಯ ಸೋಂಕಿಲ್ಲ. ಅವಲಕ್ಕಿ ಕುಟ್ಟಿದ ಭತ್ತ. ಪುಟಾಣಿ ಹುರಿದ ಕಡಲೆ. ಧಾರವಾಡದ ಕಡೆ ಹಚ್ಚಿದ ಅವಲಕ್ಕಿ ಅಂತ ಮಾಡುತ್ತಾರೆ: ತೆಳ್ಳನೆಯ ಅವಲಕ್ಕಿಗೆ ಮೆಂತ್ಯೆಹಿಟ್ಟು, ಖಾರಪುಡಿ, ಒಂದಿಷ್ಟು ಹಸಿ ಎಣ್ಣೆ ಹಚ್ಚಿ, ಉಳ್ಳಾಗಡ್ಡಿ ಹೆಚ್ಚಿ ಹಾಕಿ ಕೊಡುವುದು. ಒಲೆಯೇ ಬೇಡ. ಇದಕ್ಕೆ ಯಾರೂ ಹೆಲ್ದಿ ಎನ್ನಲಿಲ್ಲ. ಮಧ್ಯಾಹ್ನದ ಹಸಿವಿಗೆ ತಿಂದರು, ಕೈ ತೊಳೆದರು.

ಅದೇ ಮಂಡಕ್ಕಿಯ ಹೆಸರನ್ನು ಹೆಲ್ದಿ ಮಿಕ್ಸ್ಚರಿನವರ ಮುಂದೆ ಹೇಳಿನೋಡಿ. 'ಅಯ್ಯೋ, ಅದು ಬರೀ ಕಾರ್ಬ್ಸ್' ಎನ್ನುತ್ತಾರೆ. ಮಖಾನ? 'ಅದು ಸೂಪರ್ ಫುಡ್.' ಬಿಹಾರದ ಮಿಥಿಲೆಯ ಕೆರೆಗಳಲ್ಲಿ ಜನ ಮುಳುಗಿ, ತಳದ ಕೆಸರು ಬಾಚಿ ಬೀಜ ಎತ್ತುತ್ತಾರೆ. ಕಾದ ಬೀಜವನ್ನು ಮರದ ಸುತ್ತಿಗೆಯಿಂದ ಬಡಿದು ಅರಳಿಸುತ್ತಾರೆ. ಆ ಬೆವರಿಗೆ ಬೆಲೆ ಇರಲಿ, ನ್ಯಾಯವೇ. ಆದರೆ ತಿನ್ನುವವರಿಗೆ ಅದು ಬೇಕಾಗಿರುವುದು ಬೆವರಿಗಾಗಿ ಅಲ್ಲ, ಬೆಲೆಗಾಗಿ. ಮಖಾನವೂ ಮುಖ್ಯವಾಗಿ ಪಿಷ್ಟವೇ. ನೂರು ಗ್ರಾಮಿಗೆ 350ರ ಆಸುಪಾಸಿನ ಕ್ಯಾಲೊರಿ, ಅವಲಕ್ಕಿಯ ಹಾಗೆಯೇ. ಅಗ್ಗದ್ದು ತಿಂದು ಆರೋಗ್ಯವಾಗಿರುವುದು ನಮ್ಮ ಮಧ್ಯಮ ವರ್ಗಕ್ಕೆ ಅವಮಾನ.

ಅಮೆರಿಕದ ಕನ್ನಡಿಗರು ರೈಸ್ ಕ್ರಿಸ್ಪೀಸಿಗೆ ಒಗ್ಗರಣೆ ಹಾಕಿ ಚೂಡಾ ಮಾಡಿಕೊಳ್ಳುತ್ತಾರೆ. ಸುತ್ತ ಅವಲಕ್ಕಿ ಮಾರುವ ಅಂಗಡಿ ಇಲ್ಲದಿದ್ದಾಗ ಕೈಗೆ ಸಿಕ್ಕಿದ್ದು ಅದು. ಅರ್ಥವಾಗುತ್ತದೆ. ಗಾಂಧಿಬಜಾರಿನ ಪಕ್ಕದಲ್ಲೇ ಕೂತು ಕಾರ್ನ್‌ಫ್ಲೇಕ್ಸಿಗೆ ಒಗ್ಗರಣೆ ಹಾಕುವವರಿಗೆ ಏನು ಬಂದಿದೆ ಧಾಡಿ?

ಪ್ಯಾಕೆಟ್ ತರುವವರದ್ದು ಬೇರೆಯೇ ಧರ್ಮ. ಮುಂದೆ ದೊಡ್ಡದಾಗಿ 'ರೋಸ್ಟೆಡ್'. ರಾಗಿ ತೆನೆಯ ಚಿತ್ರ. ಹಸಿರು ಎಲೆ. ಹಿಂದೆ ತಿರುಗಿಸಿ. ಇರುವೆ ಸಾಲಿನ ಅಕ್ಷರ. ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಎರಡನೆಯದೋ ಮೂರನೆಯದೋ ಪಾಮೋಲಿನ್. ರಾಗಿಯನ್ನು ಹುಡುಕುತ್ತ ಕೊನೆಯ ಸಾಲಿಗೆ ಬಂದಿರುತ್ತೀರಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಎಲ್ಲದರ ಮೇಲೂ ಸಿರಿಧಾನ್ಯದ ಮುದ್ರೆ ಬಿತ್ತು. ಸಿರಿಧಾನ್ಯದ ಚಕ್ಕುಲಿಯೂ ಬಾಣಲೆಯಲ್ಲೇ ಈಜಿದ್ದು. ನವಣೆ ಎಂದು ಎಣ್ಣೆ ರಿಯಾಯಿತಿ ಕೊಡುವುದಿಲ್ಲ.

ಪೋಷಕಾಂಶದ ಲೆಕ್ಕ 30 ಗ್ರಾಮಿನ ಸರ್ವಿಂಗಿಗೆ. ಪ್ಯಾಕೆಟ್ಟು 200 ಗ್ರಾಮಿನದು. ಮೂವತ್ತು ಗ್ರಾಮಿಗೆ ಕೈ ನಿಲ್ಲಿಸಿದ ಮಹಾಪುರುಷ ಈ ನಾಡಿನಲ್ಲಿ ಇನ್ನೂ ಹುಟ್ಟಬೇಕು.

ಕೆಲವರು ಇದನ್ನೇ ಸ್ಟೀಲ್ ಡಬ್ಬಿಗೆ ಸುರಿದು, ಮೇಲೆ ನಾಲ್ಕು ಕರಿಬೇವು ಹುರಿದು ಉದುರಿಸಿ, 'ಮನೇಲೇ ಮಾಡಿದ್ದು, ತಗೊಳ್ಳಿ ಅಂಕಲ್' ಎಂದು ತಟ್ಟೆ ಮುಂದಿಡುತ್ತಾರೆ. ಅಂಕಲ್ಲಿಗೂ ಗೊತ್ತು. ಅವರ ಮನೆಯ ಡಬ್ಬಿಯಲ್ಲೂ ಅದೇ ಪ್ಯಾಕೆಟ್ಟು.

ಸರ್ಕಾರ ಸುಮ್ಮನಿರುತ್ತದೆಯೇ? ಅದಕ್ಕೂ ನಮ್ಮ ಆರೋಗ್ಯದ ಚಿಂತೆ. 2025ರ ಜನವರಿಯಲ್ಲಿ ಡೆಹ್ರಾಡೂನಿನ ರಾಷ್ಟ್ರೀಯ ಕ್ರೀಡಾಕೂಟದ ವೇದಿಕೆಯಿಂದ ಪ್ರಧಾನಿಯವರು ಎಣ್ಣೆ ಬಳಕೆ ಶೇ 10ರಷ್ಟು ಕಡಿಮೆ ಮಾಡಿ ಎಂದರು. ಮುಂದಿನ ತಿಂಗಳು ಮನದ ಮಾತಿನಲ್ಲೂ ಅದನ್ನೇ ಹೇಳಿದರು. ಅದೇ ವರ್ಷದ ಮಧ್ಯದಲ್ಲಿ ಆರೋಗ್ಯ ಸಚಿವಾಲಯ ಕಚೇರಿಗಳಲ್ಲಿ ಎಣ್ಣೆ, ಸಕ್ಕರೆಯ ಫಲಕ ತೂಗುಹಾಕಿ ಎಂದಿತು. ಸಮೋಸಾ ಜಿಲೇಬಿಗೆ ಸಿಗರೇಟಿನಂತೆ ಎಚ್ಚರಿಕೆ ಬರುತ್ತದಂತೆ ಎಂದು ದೇಶ ಬಾಯಿ ಬಡಿದುಕೊಂಡಿತು. ಛೇ ಛೇ, ಯಾವ ತಿಂಡಿಯ ಮೇಲೂ ಎಚ್ಚರಿಕೆ ಇಲ್ಲ, ಇದು ಬರೀ ಸಲಹೆ ಎಂದು ಸರ್ಕಾರವೇ ಓಡಿಬಂದು ಸಮಾಧಾನ ಮಾಡಿತು.

ಸೆಪ್ಟೆಂಬರ್ 22 ಬಂತು. ಪ್ಯಾಕೆಟ್ಟಿನ ನಮ್ಕೀನ್, ಭುಜಿಯಾ, ಮಿಕ್ಸ್ಚರಿನ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ದೀಪಾವಳಿ ಉಡುಗೊರೆಯಂತೆ. ಸೌಟಿಗೆ ಉಪದೇಶ, ಪ್ಯಾಕೆಟ್ಟಿಗೆ ರಿಯಾಯಿತಿ.

ಪ್ಯಾಕೆಟ್ಟಿನ ಮುಖದ ಮೇಲೇ ಒಳಗಿನ ಗುಣವನ್ನು ನಕ್ಷತ್ರದಲ್ಲಿ ತೋರಿಸುವ ಕರಡು ನಿಯಮ ಬಂದದ್ದು 2022ರಲ್ಲಿ. ಅರ್ಧ ನಕ್ಷತ್ರದಿಂದ ಐದರವರೆಗೆ. ಎಚ್ಚರಿಕೆ ಕೊಡಿ ಎಂದರೆ ಶಹಬ್ಬಾಸ್‌ಗಿರಿ ಕೊಡುವ ಯೋಜನೆ. ಅತ್ಯಂತ ಕೆಟ್ಟ ತಿಂಡಿಗೂ ಅರ್ಧ ನಕ್ಷತ್ರದ ಗೌರವ. ಅದಾದರೂ ಬಂತೇ? 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಮೂರು ತಿಂಗಳ ಗಡುವು ಕೊಟ್ಟಿತು. ಜುಲೈಯಲ್ಲಿ ಮತ್ತೆ ಮೂರು ತಿಂಗಳು. ಇತ್ತ ಪಾಪ್‌ಕಾರ್ನ್ ಬಿಡಿಯಾಗಿದ್ದರೆ ಎಷ್ಟು, ಪ್ಯಾಕೆಟ್ಟಾದರೆ ಎಷ್ಟು, ಸಕ್ಕರೆ ಸವರಿದ್ದರೆ ಎಷ್ಟು ತೆರಿಗೆ ಎಂಬ ಜಿಜ್ಞಾಸೆಯನ್ನು 2024ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿಯವರು ಜೈಸಲ್ಮೇರಿನ ಒಂದೇ ಸಭೆಯಲ್ಲಿ ಬಗೆಹರಿಸಿದ್ದರು. ಶ್ರದ್ಧೆ ಇದ್ದರೆ ಎಲ್ಲವೂ ಸಾಧ್ಯ.

ಸರಿ, ಮನೆಗೇ ವಾಪಸು ಬರೋಣ. ನಿಜವಾಗಿ ಹಗುರವಾದ ಚೂಡಾ ಬೇಕೇ? ಬೇಕಾದವರು ಓದಿ.

ಕಾಲು ಕಿಲೋ ಪೇಪರ್ ಅವಲಕ್ಕಿ. ದಪ್ಪ ಅವಲಕ್ಕಿ ಬೇಡ, ಅದು ಕರಿಯದೆ ಅರಳುವುದಿಲ್ಲ, ಎಣ್ಣೆ ಕುಡಿಯದೆ ಬಿಡುವುದಿಲ್ಲ. ಪೇಪರ್ ಅವಲಕ್ಕಿಯನ್ನು ಬಿಸಿಲಿಗೆ ಹರವಿ. ಬೆಂಗಳೂರಿನ ಅಕ್ಟೋಬರಿನಲ್ಲಿ ಬಿಸಿಲು ಸಿಗದಿದ್ದರೆ ಸಣ್ಣ ಉರಿಯಲ್ಲಿ, ಬೆರಳಲ್ಲಿ ಹಿಸುಕಿದರೆ ಪುಡಿಯಾಗುವವರೆಗೆ ಬೆಚ್ಚಗೆ ಮಾಡಿ. ಏರ್ ಫ್ರೈಯರಿಗೆ ಹಾಕಬೇಡಿ. ಅದು ಫ್ಯಾನು ಇರುವ ಪುಟ್ಟ ಓವನ್, ಅಷ್ಟೇ. ಅವಲಕ್ಕಿ, ಕರಿಬೇವು ಎರಡೂ ಹಾರಿ ಕಾದ ಸುರುಳಿಗೆ ಬಡಿದು ಸುಟ್ಟು ಹೋಗುತ್ತವೆ. ಸಾವಿರಾರು ರೂಪಾಯಿ ಕೊಟ್ಟು ಇದ್ದಿಲು ಮಾಡಿಕೊಳ್ಳುವ ಶೋಕಿ ಇದ್ದರೆ ನಿಮ್ಮಿಷ್ಟ.

ಒಂದು ಸಣ್ಣ ಬಟ್ಟಲು ಕಡಲೆಕಾಯಿ ಬೀಜ, ಸಿಪ್ಪೆ ಸಮೇತ, ಒಣ ಬಾಣಲೆಯಲ್ಲೇ ಹುರಿದದ್ದು. ಇನ್ನೊಂದು ಬಟ್ಟಲು ಪುಟಾಣಿ. ಒಣಕೊಬ್ಬರಿಯ ತೆಳು ಹೋಳು ಸ್ವಲ್ಪ. ಗೋಡಂಬಿ ಬಾದಾಮಿ ಸುರಿಯುವ ಮುನ್ನ ಒಂದು ಮಾತು: ಅವೂ ಅರ್ಧಕ್ಕರ್ಧ ಕೊಬ್ಬೇ. ಒಳ್ಳೆಯ ಕೊಬ್ಬು, ಒಪ್ಪಿದೆ. ಆದರೆ ಕಾಲು ಕಿಲೋ ಗೋಡಂಬಿ ಸುರಿದು 'ಎಣ್ಣೆಯೇ ಹಾಕಿಲ್ಲ' ಎನ್ನುವವರ ಧೈರ್ಯಕ್ಕೆ ಪದಕ ಕೊಡಬೇಕು.

ಎಣ್ಣೆ ಎರಡು ದೊಡ್ಡ ಚಮಚ. ಹೌದು, ಹಾಕಿ. ಸುಮಾರು 250 ಕ್ಯಾಲೊರಿ, ಇಡೀ ಡಬ್ಬಿಗೆ ಸೇರಿ. ಎಣ್ಣೆಯೇ ಇಲ್ಲದಿದ್ದರೆ ಅರಿಸಿನ, ಇಂಗು, ಖಾರ ಯಾವುದೂ ಅವಲಕ್ಕಿಗೆ ಹತ್ತದೆ ಡಬ್ಬಿಯ ತಳಕ್ಕೆ ಉದುರಿ ಕೂರುತ್ತವೆ. ಸಾಸಿವೆ ಸಿಡಿಯಲಿ. ಹಸಿಮೆಣಸಿನಕಾಯಿಯ ನೀರೆಲ್ಲ ಆರಿ ಗರಿಗರಿಯಾಗುವವರೆಗೆ ತಾಳ್ಮೆ ಇರಲಿ. ಅಲ್ಲಿ ಅವಸರ ಮಾಡಿದರೆ ಮೂರನೇ ದಿನಕ್ಕೆ ಚೂಡಾ ಮೆತ್ತಗೆ. ಕರಿಬೇವನ್ನು ತೊಳೆದು ಬಟ್ಟೆಯಲ್ಲಿ ಒರೆಸಿಯೇ ಹಾಕಿ. ಬೆಳ್ಳುಳ್ಳಿ ನಿಮ್ಮ ನಿಮ್ಮ ಮಠದ ಸಂಪ್ರದಾಯ. ಅರಿಸಿನ ಹಾಕುವ ಮೊದಲು ಉರಿ ಆರಿಸಿ.

ಉಪ್ಪು ಒಂದೇ ಚಮಚ. ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿಕೊಂಡರೆ ಎಲ್ಲ ಕಡೆ ಹತ್ತುತ್ತದೆ, ನಾಲಿಗೆಗೂ ಸಾಕೆನಿಸುತ್ತದೆ. ಚಿಟಿಕೆ ಆಮ್‌ಚೂರ್ ಹಾಕಿ, ಹುಳಿ ಇದ್ದಲ್ಲಿ ಉಪ್ಪಿನ ಕೊರತೆ ಗೊತ್ತಾಗದು. ಮಂಡಕ್ಕಿ ಸೇರಿಸುವವರು ಉಪ್ಪನ್ನು ಇನ್ನೂ ಇಳಿಸಿ, ಭಟ್ಟಿಯಲ್ಲೇ ಅದಕ್ಕೆ ಉಪ್ಪುನೀರು ಹತ್ತಿರುತ್ತದೆ. ಸಕ್ಕರೆ ಪುಡಿ ಒಂದು ಚಮಚ. 'ಸಕ್ಕರೆ ವಿಷ, ಬೆಲ್ಲ ಅಮೃತ' ಎಂದು ಬೆಲ್ಲ ಹಾಕಿದವರ ಚೂಡಾ ತೇವ ಹೀರಿ ಮುದ್ದೆಯಾಗುತ್ತದೆ. ಮುದ್ದೆಗೆ ಸಾರು ಮಾಡಿಕೊಳ್ಳಲಿ.

ಇಷ್ಟೆಲ್ಲ ಮಾಡಿದ ಮೇಲೂ ಲೆಕ್ಕ ಏನಾಯಿತು? ನೂರು ಗ್ರಾಮಿಗೆ ಹೆಚ್ಚೂಕಮ್ಮಿ 440 ಕ್ಯಾಲೊರಿ. ಅಂಗಡಿಯ ಕರಿದ ಮಿಕ್ಸ್ಚರು 550ರ ಸುತ್ತ. ಉಳಿತಾಯ ನೂರು ಚಿಲ್ಲರೆ. 'ಹೆಲ್ದಿ ಅಲ್ವಾ' ಎಂದು ಇನ್ನೊಂದು ಸಣ್ಣ ಹಿಡಿ ಎತ್ತಿದರೆ ಆ ಉಳಿತಾಯವೂ ಗೋವಿಂದ. ಸಾಮಾನು ಬದಲಾಯಿಸಿದರು, ಉಪ್ಪು ಬದಲಾಯಿಸಿದರು, ಪಾತ್ರೆ ಬದಲಾಯಿಸಿದರು, ಬಟ್ಟಲಿನ ಗಾತ್ರ ಮಾತ್ರ ಯಾರೂ ಮುಟ್ಟಲಿಲ್ಲ. ಚಿಕ್ಕ ಬಟ್ಟಲನ್ನು ಸೂಪರ್ ಫುಡ್ ಎಂದು ಮಾರಲು ಬರುವುದಿಲ್ಲವಲ್ಲ. ಕಂಪನಿಯವರು ದೀಪಾವಳಿಗೆ ಕೊಡುವ 'ಗಿಲ್ಟ್ ಫ್ರೀ' ಡಬ್ಬಿಯಲ್ಲೂ ಅದು ಹಿಡಿಸುವುದಿಲ್ಲ.

ಹಬ್ಬ ನಾಲ್ಕು ದಿನದ್ದು. ಚಕ್ಕುಲಿ ತಿನ್ನಬೇಕೆನಿಸಿದರೆ ಚಕ್ಕುಲಿಯನ್ನೇ ತಿನ್ನಿ, ಎರಡು. ಕಾರ್ತಿಕ, ಮಾರ್ಗಶಿರ, ಪುಷ್ಯ ಎಂದು ಪ್ರತಿ ಸಂಜೆಯನ್ನೂ ಹಬ್ಬ ಮಾಡಿಕೊಂಡವರು ನಿಜವಾದ ಹಬ್ಬದ ದಿನ ಅಗಸೆಬೀಜ ಜಗಿಯುವುದು ಯಾವ ವ್ರತ?

ಚೂಡಾ ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ. ಬಿಸಿಯಿರುವಾಗ ಮುಚ್ಚಿದರೆ ಬೆವೆತು ಹಾಳಾಗುತ್ತದೆ. ಡಬ್ಬಿಯನ್ನು ಟೀವಿಯ ಪಕ್ಕ ಇಡಬೇಡಿ, ಅಟ್ಟದ ಮೇಲಿಡಿ. ಪ್ರತಿ ಹಿಡಿಗೂ ಏಣಿ ಹತ್ತಿ ಇಳಿದರೆ ಅಷ್ಟಾದರೂ ವ್ಯಾಯಾಮ. ಹತ್ತುವುದು ತಿನ್ನುವವನ ಕೆಲಸ. ಹೆಂಡತಿಯನ್ನು ಹತ್ತಿಸುವಂತಿಲ್ಲ.